ದಂಡ ತೀರಿದ ಮೇಲೆ

(ಮುಂಬಯಿಯ ಹೋಟೆಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಪಗಾರದ ಮಾತಲ್ಲ, ರಜೆಯ ಮಾತಲ್ಲ. ನಮ್ಮಲ್ಲಿ ಹಲವರು ಹೊತ್ತು ತಿರುಗುವ ಹಳೆಯ ತಪ್ಪುಗಳ ಮಾತು. ಒಬ್ಬ ಮುಂಗಡ ತೆಗೆದುಕೊಂಡು ಹೇಳದೆ ಕೇಳದೆ ಕೆಲಸ ಬಿಟ್ಟ. ಇನ್ನೊಬ್ಬ ತಂಗಿಯ ಮದುವೆಗೆ ಕೂಡಿಟ್ಟ ಹಣವನ್ನು ಮಟಕಾದಲ್ಲಿ ಕಳೆದ. ಮತ್ತೊಬ್ಬ ತಂದೆಯೊಡನೆ ಜಗಳವಾಡಿ ರಾತ್ರಿ ಬಸ್ಸು ಹತ್ತಿದವನು ಮತ್ತೆ ಊರ ಕಡೆ ತಲೆ ಹಾಕಲಿಲ್ಲ. ಇವರು ಸಂಘಕ್ಕೂ ಬರುವುದಿಲ್ಲ. “ನಮ್ಮಂಥವರಿಗೆ ಅಲ್ಲೇನು ಕೆಲಸ?” ಎನ್ನುತ್ತಾರೆ.

ತಪ್ಪಿಗೆ ಕಾಯಿದೆ ಏನು ಹೇಳುತ್ತದೆ, ನೋಡೋಣ. ದಂಡಕ್ಕೆ ಮಿತಿ 1936ರ ವೇತನ ಪಾವತಿ ಕಾಯಿದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಇದೆ. ನೋಟೀಸಿನಲ್ಲಿ ಮೊದಲೇ ಬರೆದಿಟ್ಟ ತಪ್ಪಿಗಲ್ಲದೆ ದಂಡವಿಲ್ಲ. ಕೆಲಸಗಾರನ ಮಾತು ಕೇಳದೆ ದಂಡ ಹಾಕುವಂತಿಲ್ಲ. ದಂಡ ಆ ಅವಧಿಯ ಪಗಾರದ ನೂರಕ್ಕೆ 3ನ್ನು ಮೀರಬಾರದು. ತಿಂಗಳಿಗೆ 15,000 ರೂಪಾಯಿ ಪಗಾರವಿದ್ದರೆ 450 ರೂಪಾಯಿ, ಅಷ್ಟೇ. ದಂಡ ಹಾಕಿ 90 ದಿನ ಕಳೆದರೆ ಅದನ್ನು ವಸೂಲು ಮಾಡುವಂತಿಲ್ಲ. ಧಣಿಯ ದಂಡಕ್ಕೇ ಗಡುವು ಇರುವಾಗ, ನಮಗೆ ನಾವೇ ಹಾಕಿಕೊಂಡ ದಂಡವನ್ನು ಹತ್ತು ಹದಿನೈದು ವರ್ಷ ಕಟ್ಟುತ್ತಿರುವುದು ಯಾವ ನ್ಯಾಯ?

ಹಾಗೆಂದು ಕೈ ತೊಳೆದುಕೊಳ್ಳಿರಿ ಎನ್ನುತ್ತಿಲ್ಲ. ಸಾಲ ದಂಡವಲ್ಲ; ಮುಂಗಡ ಉಳಿದಿದ್ದರೆ ಸ್ವಲ್ಪ ಸ್ವಲ್ಪವಾಗಿಯಾದರೂ ತೀರಿಸಬೇಕು. ತಂಗಿಯ ಎದುರು ತಪ್ಪಾಯಿತೆಂದು ಹೇಳಬೇಕು. ಹೇಳಿ, ಕೊಡುವುದನ್ನು ಕೊಟ್ಟ ಮೇಲೆ ಲೆಕ್ಕ ಮುಗಿಯಿತು. ಆಮೇಲೂ ಮರುಗುತ್ತ ಕೂತರೆ ತಂಗಿಗೆ ಒಂದು ಕಾಸೂ ಸೇರುವುದಿಲ್ಲ. ಆ ಕೊರಗಿನಲ್ಲೇ ಕುಡಿತ ಹತ್ತಿದವರನ್ನು ನಾವು ಕಂಡಿದ್ದೇವೆ.

ದೋಸೆ ಸೀದರೆ ಭಟ್ಟರು ಏನು ಮಾಡುತ್ತಾರೆ? ಕಾವಲಿ ಕೆರೆದು, ಉರಿ ತಗ್ಗಿಸಿ, ನೀರು ಚಿಮುಕಿಸಿ, ಹಿಡಿಯಿಂದ ಗುಡಿಸಿ ಮುಂದಿನ ಹಿಟ್ಟು ಹೊಯ್ಯುತ್ತಾರೆ. ಉರಿ ಹೆಚ್ಚಾಗಿತ್ತೆಂಬ ಪಾಠ ನೆನಪಿರುತ್ತದೆ. ಸೀದ ದೋಸೆಯನ್ನೇ ನೋಡುತ್ತ ನಿಂತರೆ ಗಿರಾಕಿಗಳು ಹಸಿದು ಎದ್ದು ಹೋಗುತ್ತಾರೆ.

ಇನ್ನು ತಪ್ಪು ಮಾಡದ ನಾವುಗಳು. ಎಂದೋ ಗಲ್ಲೆಯಿಂದ ಹತ್ತು ರೂಪಾಯಿ ಎತ್ತಿದ ಹುಡುಗನಿಗೆ ಮೀಸೆ ನರೆತ ಮೇಲೂ ಅದೇ ಅಡ್ಡಹೆಸರು ಇಟ್ಟು ಕರೆಯುತ್ತೇವೆ. ಅವನು ಬದಲಾದರೂ ನಮ್ಮ ಬಾಯಿ ಬದಲಾಗುವುದಿಲ್ಲ. ಹೀಗೆ ದೂರವಾದ ಒಬ್ಬೊಬ್ಬನೂ ಸಂಘಕ್ಕೆ ಕಡಿಮೆಯಾದ ಒಂದೊಂದು ಕೈ. ನಾಳೆ ಧಣಿ ಅವನ ಪಗಾರ ಹಿಡಿದರೆ ಅವನ ಪರವಾಗಿ ಕೇಳುವವರಾರು?

ಆದ್ದರಿಂದ ಬಂಧುಗಳೇ, ಮುಂದಿನ ಸಭೆಗೆ ಒಬ್ಬೊಬ್ಬರೂ ಹೀಗೆ ಮರೆಯಾಗಿರುವ ಒಬ್ಬನನ್ನು ಕರೆತನ್ನಿರಿ. ಹಳೆಯದನ್ನು ಕೇಳಬೇಡಿರಿ, ಚಹಾ ಕೊಟ್ಟು ಕೂರಿಸಿರಿ. ಊರಿಗೆ ಮಾತು ಬಿಟ್ಟವರು ಇವತ್ತೇ ರಾತ್ರಿ ಫೋನು ಮಾಡಿರಿ. ತಂದೆ ಬೈಯಬಹುದು, ಬೈಸಿಕೊಳ್ಳೋಣ. ಬೈಯುವ ಧ್ವನಿ ಇನ್ನೂ ಇದೆಯೆಂಬುದೇ ನಮ್ಮ ಭಾಗ್ಯ.