ಎರಡು ಬಾಗಿಲಿಗೆ ಒಂದೇ ಕರೆಗಂಟೆ

1981ರ ಆಗಸ್ಟ್‌ನಲ್ಲಿ ಐ.ಬಿ.ಎಂ. ಹೊರತಂದ ಮೊದಲ ಪರ್ಸನಲ್ ಕಂಪ್ಯೂಟರಿನೊಳಗೆ ಐದು ಸ್ಲಾಟ್‌ಗಳಿದ್ದವು. ಪರದೆಗೊಂದು, ಫ್ಲಾಪಿಗೊಂದು ಕಾರ್ಡ್ ಸಿಕ್ಕಿಸಿದರೆ ಉಳಿಯುತ್ತಿದ್ದುದು ಮೂರು. ಅದಕ್ಕಿಂತ ಮುಖ್ಯವಾದ ಸಂಗತಿ, ಯಂತ್ರದ ವಿದ್ಯುನ್ಮಂಡಲದ ನಕ್ಷೆಗಳನ್ನು ಕಂಪೆನಿಯೇ ಪುಸ್ತಕವಾಗಿ ಮಾರಿತು. ಹೀಗಾಗಿ ಯಾರು ಬೇಕಾದರೂ ಕಾರ್ಡ್ ತಯಾರಿಸಬಹುದಾಯಿತು. ಯಂತ್ರ ಗೆದ್ದದ್ದೂ ಈ ಔದಾರ್ಯದಿಂದ, ಬಳಸುವವರು ತಲೆ ಚಚ್ಚಿಕೊಂಡದ್ದೂ ಇದರಿಂದಲೇ.

ಮೂಲ ತೊಡಕು ಸರಳವಾದದ್ದು. ಕೀಲಿಮಣೆಗೋ ಮೋಡೆಮ್‌ಗೋ ಪ್ರೊಸೆಸರಿನ ಗಮನ ಬೇಕಾದಾಗ ಅದು ಒಂದು ತಂತಿಯ ಮೂಲಕ ಕರೆಗಂಟೆ ಒತ್ತುತ್ತದೆ. ಇದೇ ಇಂಟರಪ್ಟ್. ಮೊದಲ ಯಂತ್ರದಲ್ಲಿ ಇಂಥ ತಂತಿಗಳು ಎಂಟೇ ಎಂಟು. 1984ರ ಎ.ಟಿ. ಮಾದರಿಯಲ್ಲಿ ಇನ್ನೆಂಟು ಸೇರಿದವು. ಎರಡು ಗುಂಪುಗಳನ್ನು ಜೋಡಿಸಲು ಒಂದು ಹೋಗಿ ಉಳಿದದ್ದು ಹದಿನೈದು. ಗಂಟೆಯ ಸದ್ದು ಏಳುವ ಕ್ಷಣವನ್ನಷ್ಟೇ ಯಂತ್ರ ಗಮನಿಸುತ್ತಿತ್ತು. ಒಬ್ಬರು ಒತ್ತಿ ಹಿಡಿದಿದ್ದಾಗ ಇನ್ನೊಬ್ಬರು ಬಂದು ಒತ್ತಿದರೆ ಕೇಳಿಸದು, ನೋಡಿ!

ಮೊದಲನೆಯ ಮತ್ತು ಮೂರನೆಯ ಸೀರಿಯಲ್ ಪೋರ್ಟ್‌ಗಳಿಗೆ ರೂಢಿಯಂತೆ ಇದ್ದದ್ದು 4ನೇ ತಂತಿ. ಒಂದಕ್ಕೆ ಮೌಸ್, ಇನ್ನೊಂದಕ್ಕೆ ಮೋಡೆಮ್ ಹಾಕಿದವರ ಪಾಡು ಹೇಳತೀರದು: ಮೋಡೆಮ್ ಫೋನು ಹಚ್ಚಿದೊಡನೆ ಮೌಸ್ ಕಲ್ಲಾಗುತ್ತಿತ್ತು. ಎರಡೂ ಸಾಮಾನು ಒಳ್ಳೆಯವೇ. ಅಂಗಡಿಗೆ ಹಿಂದಿರುಗಿಸಿದರೆ ಅಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು! ಪರಿಹಾರವೆಂದರೆ ಡಬ್ಬಿ ಬಿಚ್ಚಿ, ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಟೊಪ್ಪಿಗೆಯನ್ನು ಕಿತ್ತು ಪಕ್ಕದ ಕಡ್ಡಿಗಳಿಗೆ ಹಾಕಿ, ಮತ್ತೆ ಚಾಲೂ ಮಾಡಿ ನೋಡುವುದು. ಕೈಪಿಡಿ ಕಳೆದುಹೋಗಿದ್ದರೆ ಊಹೆಯೇ ಗತಿ.

ಐ.ಬಿ.ಎಂ. ಇದಕ್ಕೆ ಮದ್ದು ಕಂಡುಹಿಡಿಯಲಿಲ್ಲವೆಂದಲ್ಲ. 1987ರ ಅದರ 'ಮೈಕ್ರೋ ಚಾನೆಲ್'ನಲ್ಲಿ ತಂತಿಯನ್ನು ಹಂಚಿಕೊಳ್ಳಬಹುದಿತ್ತು, ಜಂಪರ್‌ಗಳ ಕಾಟವೂ ಇರಲಿಲ್ಲ. ಆದರೆ ಹಳೆಯ ಕಾರ್ಡುಗಳು ಅದರಲ್ಲಿ ಕೂರುತ್ತಿರಲಿಲ್ಲ. ಬೇರೆ ತಯಾರಕರು ಪರವಾನಗಿ ಶುಲ್ಕವನ್ನೂ ತೆರಬೇಕಿತ್ತು. ಮರುವರ್ಷ ಕಾಂಪ್ಯಾಕ್ ಮುಂದಾಳುತನದಲ್ಲಿ ಒಂಬತ್ತು ಕಂಪೆನಿಗಳು ಹಳೆಯ ಕಾರ್ಡುಗಳನ್ನೂ ಒಪ್ಪುವ 'ಈಸಾ' ಪದ್ಧತಿಯನ್ನು ಘೋಷಿಸಿದವು. ಅದೂ ದುಬಾರಿಯಾಗಿ ದೊಡ್ಡ ಯಂತ್ರಗಳಲ್ಲೇ ಉಳಿಯಿತು. ಜನ ಮಾತ್ರ ಹಳೆಯ ಸ್ಲಾಟನ್ನೇ ನೆಚ್ಚಿದರು. ಕಾಸು ಕೊಟ್ಟು ಕೊಂಡ ಕಾರ್ಡನ್ನು ಸುಮ್ಮನೆ ಎಸೆಯುವವರುಂಟೇ?

1995ರಲ್ಲಿ ವಿಂಡೋಸ್ 95 ಬಂದಾಗ, ಸಿಕ್ಕಿಸಿದೊಡನೆ ಕಾರ್ಡನ್ನು ತಾನೇ ಗುರುತಿಸುವ 'ಪ್ಲಗ್ ಅಂಡ್ ಪ್ಲೇ' ಮನೆಮನೆಗೆ ಬಂತು. ಆದರೆ ಜಂಪರ್ ಕಾಲದ ಹಳೆಯ ಕಾರ್ಡುಗಳಿಗೆ ತಮ್ಮ ಗುರುತು ಹೇಳಲು ಬಾಯಿಯೇ ಇರಲಿಲ್ಲ. ಹೊಸದೂ ಹಳೆಯದೂ ಕೂಡಿದ ಡಬ್ಬಿಗಳಲ್ಲಿ ಜಗಳ ಮುಂದುವರಿದು, 'ಪ್ಲಗ್ ಅಂಡ್ ಪ್ರೇ', ಅಂದರೆ ಸಿಕ್ಕಿಸಿ ದೇವರಿಗೆ ಕೈಮುಗಿಯಿರಿ, ಎಂಬ ಗೇಲಿ ಹುಟ್ಟಿಕೊಂಡಿತು.