ತರಗತಿಯಲ್ಲಿ ಮಗುವಿನ ಮಾತು
(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಕನ್ನಡ ಶಾಲೆಯೊಂದರ ಅಂಗಳದಲ್ಲಿ ನಿಂತು ಮಾತನಾಡುವುದು ಸಂತೋಷದ ಸಂಗತಿ. ‘ವಿದ್ಯಾರ್ಥಿಗಳ ಸಕ್ರಿಯ ಕಲಿಕೆ’ ಎಂಬ ವಿಷಯವನ್ನು ನನಗೆ ಕೊಡಲಾಗಿದೆ. ಇದು ಎಲ್ಲ ಶಾಲೆಗಳಿಗೂ ಅನ್ವಯಿಸುವ ವಿಷಯವಾದರೂ ಕಾಸರಗೋಡಿನಂತಹ ಗಡಿನಾಡಿನಲ್ಲಿ ಇದಕ್ಕೆ ಬೇರೆಯೇ ಒಂದು ತೂಕವಿದೆ.

1956ರ ನವೆಂಬರ್ 1ರಂದು ಈ ಪ್ರದೇಶವು ಕೇರಳಕ್ಕೆ ಸೇರಿತು. ಅಂದಿನಿಂದ ಕನ್ನಡದ ಉಳಿವಿನ ಕುರಿತು ಸಭೆ ನಡೆಸಿದ್ದೇವೆ, ಮನವಿ ಸಲ್ಲಿಸಿದ್ದೇವೆ. ಅವೆಲ್ಲ ಅಗತ್ಯವೇ. ಆದರೆ ನಮ್ಮ ಮಗುವಿನ ಒಂದು ದಿನವನ್ನು ಗಮನಿಸಿ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ. ಬಸ್ಸಿನಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಹೆಚ್ಚಾಗಿ ಮಲಯಾಳ. ಶಿಷ್ಟ ಕನ್ನಡದಲ್ಲಿ ಆಲೋಚಿಸಲು ಅದಕ್ಕೆ ದೊರೆಯುವ ಸ್ಥಳ ಬಹುಮಟ್ಟಿಗೆ ತರಗತಿಯೊಂದೇ. ಅಲ್ಲಿಯೂ ಅಧ್ಯಾಪಕರೊಬ್ಬರೇ ಮಾತನಾಡಿ ಮಗು ಕೈಕಟ್ಟಿ ಕುಳಿತರೆ, ಹತ್ತು ವರ್ಷ ಕನ್ನಡವನ್ನು ಕೇಳಿದ ಮಗು ಹೊರಬರುತ್ತದೆಯೇ ಹೊರತು ಕನ್ನಡದಲ್ಲಿ ಪ್ರಶ್ನಿಸಬಲ್ಲ, ವಾದಿಸಬಲ್ಲ ಮಗುವಲ್ಲ. ಆದ್ದರಿಂದ ಸಕ್ರಿಯ ಕಲಿಕೆಯು ನಮಗೆ ಬೋಧನಾ ವಿಧಾನ ಮಾತ್ರವಲ್ಲ, ಭಾಷೆಯ ಪ್ರಾಣದ ಪ್ರಶ್ನೆಯೂ ಹೌದು.

ಇದಕ್ಕೆ ಸಾಮಗ್ರಿಯನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಗುಡ್ಡಗಳ ಸುರಂಗಗಳನ್ನೇ ನೋಡಿ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಸರುವ ನೀರು ಯಾವ ಯಂತ್ರದ ಹಂಗೂ ಇಲ್ಲದೆ ಇಳಿಜಾರಿನಲ್ಲಿ ತಾನಾಗಿ ಹೊರಬರುವಂತೆ ಮಾಡಿದ ಹಿರಿಯರ ಜಾಣ್ಮೆ ಅದು. ಮಕ್ಕಳನ್ನು ಸುರಂಗದ ಒಳಗೆ ಕಳುಹಿಸಬೇಕಿಲ್ಲ. ಅದರ ಬಾಯಿಯ ಬಳಿ ಒಂದು ಬಕೆಟ್ ಇಟ್ಟರೆ ಸಾಕು. ಹತ್ತು ಲೀಟರಿನ ಬಕೆಟ್ ತುಂಬಲು ಎರಡು ನಿಮಿಷವಾದರೆ ಗಂಟೆಗೆ 300 ಲೀಟರು, ದಿನಕ್ಕೆ 7,200 ಲೀಟರು. ಇದು ಗಣಿತ. ಮುರಕಲ್ಲು ನೀರನ್ನು ಹೇಗೆ ಹೀರಿ ಬಿಡುತ್ತದೆ ಎಂಬುದು ವಿಜ್ಞಾನ. ಸುರಂಗ ಕೊರೆದವರನ್ನು ಕೇಳಿ ಬರೆದುಕೊಂಡರೆ ಅದು ಚರಿತ್ರೆ. ಡಿಸೆಂಬರಿನಲ್ಲೂ ಏಪ್ರಿಲ್‌ನಲ್ಲೂ ಅಳೆದು ಹೋಲಿಸಿದ ಮಗುವಿಗೆ ಅಂತರ್ಜಲದ ಪಾಠವನ್ನು ಬಾಯಿಪಾಠ ಮಾಡಿಸುವ ಅಗತ್ಯ ಉಳಿಯುವುದಿಲ್ಲ.

ಇನ್ನೊಂದು ಸಂಪತ್ತು ತಾಳಮದ್ದಳೆ. ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ಭಾಗವತರ ಪದ ಮುಗಿದೊಡನೆ ಅರ್ಥಧಾರಿಯು ಆಶುವಾಗಿ ಮಾತನಾಡಬೇಕು. ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳದವನಿಗೆ ಉತ್ತರ ಹೊಳೆಯದು. ಓದು, ಆಲಿಸುವಿಕೆ, ತರ್ಕ, ಮಾತು ಇವೆಲ್ಲ ಒಂದಾಗುವ ಕಲಿಕೆಗೆ ಇದಕ್ಕಿಂತ ಒಳ್ಳೆಯ ಮಾದರಿ ಯಾವುದು? ಪುರಾಣವೇ ಆಗಬೇಕೆಂದಿಲ್ಲ. ‘ಊರಿನ ಗುಡ್ಡದಲ್ಲಿ ಕಲ್ಲು ಕೋರೆ ಬೇಕೇ’ ಎಂಬ ಪ್ರಶ್ನೆಯನ್ನಿಟ್ಟು ಒಬ್ಬನು ಕೃಷಿಕನಾಗಿ, ಒಬ್ಬಳು ಕೋರೆಯ ಕಾರ್ಮಿಕಳಾಗಿ, ಇನ್ನೊಬ್ಬಳು ಪಂಚಾಯತು ಸದಸ್ಯೆಯಾಗಿ ಅರ್ಥ ಹೇಳಲಿ. ಮನೆಮಾತಿನ ಪದವೊಂದು ನಡುವೆ ನುಸುಳಿದರೆ ತಡೆಯಬೇಡಿ. ತಿದ್ದುವುದು ಆಮೇಲೆ, ಮೊದಲು ಮಾತು ಹೊರಡಲಿ.

ಪಾಠಭಾಗ ಮುಗಿಸಬೇಕು, ಎಸ್ಸೆಸ್ಸೆಲ್ಸಿ ಪರೀಕ್ಷೆಯಿದೆ, ಸಮಯವೆಲ್ಲಿ ಎಂದು ಅಧ್ಯಾಪಕರು ಕೇಳುವುದು ನ್ಯಾಯವೇ. ಉಪನ್ಯಾಸವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ವಿವರಿಸುವ ಅಧ್ಯಾಪಕರು ಎಂದಿಗೂ ಬೇಕು. ಆದರೆ ಪ್ರತಿ ಪಿರಿಯಡಿನಲ್ಲಿ ಹತ್ತು ನಿಮಿಷ ಮಕ್ಕಳದಾಗಲಿ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ತರಗತಿಗಳನ್ನು ಅಭ್ಯಸಿಸಿದಾಗ, ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದುದು ಕಂಡುಬಂತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಮನೆಮಾತಿನಿಂದ ಶಾಲೆಯ ಮಾತಿಗೆ ದಾಟಬೇಕಾದ ನಮ್ಮ ಮಗುವಿಗೆ ಆ ಮೌನದ ಅವಕಾಶ ಇನ್ನಷ್ಟು ಬೇಕು. ಇದಕ್ಕೆ ಅನುದಾನ ಬೇಡ, ಆದೇಶ ಬೇಡ, ತಾಳ್ಮೆ ಸಾಕು.

ಹೆತ್ತವರಲ್ಲೂ ಒಂದು ವಿನಂತಿ. ಸಂಜೆ ಮನೆಗೆ ಬಂದ ಮಗುವಿನಲ್ಲಿ ‘ಎಷ್ಟು ಅಂಕ ಬಂತು’ ಎನ್ನುವುದಕ್ಕೆ ಮೊದಲು ‘ಇಂದು ಏನು ಪ್ರಶ್ನೆ ಕೇಳಿದೆ’ ಎಂದು ವಿಚಾರಿಸಿ.

ಈ ಶಾಲೆಯ ಮೊದಲ ಶತಮಾನವು ಮಕ್ಕಳಿಗೆ ಕನ್ನಡವನ್ನು ಕೇಳಿಸಿತು, ಓದಿಸಿತು, ಬರೆಯಿಸಿತು. ಎರಡನೆಯ ಶತಮಾನದಲ್ಲಿ ಮಕ್ಕಳ ಕನ್ನಡವನ್ನು ಶಾಲೆಯು ಕೇಳಿಸಿಕೊಳ್ಳಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.