ಆರನೆಯ ತರಗತಿಯ ನಂತರ ಕಾಣೆಯಾಗುವ ಮಕ್ಕಳು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ.



ಚಿಕ್ಕ ಮಕ್ಕಳನ್ನು ಶಾಲೆಗೆ ಸೇರಿಸುವಾಗ ನಾವು ಹೊಸ ಬಟ್ಟೆ ಹಾಕಿಸಿ, ಬಿಸ್ಮಿಲ್ಲಾ ಹೇಳಿಸಿ, ಸಿಹಿ ಹಂಚುತ್ತೇವೆ. ಎಸ್ಸೆಸ್ಸೆಲ್ಸಿಗೆ ಬಂದಾಗ ಮತ್ತೆ ಕಾಳಜಿ ಶುರುವಾಗುತ್ತದೆ. ಹಾಲ್ ಟಿಕೆಟ್ ಹಿಡಿದುಕೊಂಡು ದುಆ ಮಾಡಿಸಲು ಮಸೀದಿಗೆ ಬರುತ್ತಾರೆ. ನಡುವಿನ ಆರು, ಏಳು, ಎಂಟನೆಯ ತರಗತಿಯ ಮಕ್ಕಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಹಾಲ್ ಟಿಕೆಟ್ ತನಕ ಬಾರದೆ ಉಳಿದ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಕಳೆದುಹೋದದ್ದು ಇದೇ ಮೂರು ವರ್ಷಗಳಲ್ಲಿ. ಯಾರೂ ಅವರ ಕೈಹಿಡಿದು ಶಾಲೆ ಬಿಡಿಸಲಿಲ್ಲ. ವಾರಕ್ಕೆ ಒಂದು ದಿನ ತಪ್ಪಿಸಿದರು, ಆಮೇಲೆ ಮೂರು ದಿನ, ಆಮೇಲೆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಫಜ್ರ್ ಬಳಿಕದ ನಮ್ಮ ಮಕ್ತಬ್‌ನಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗ ದಿನಾಲೂ ರೆಹಲ್ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಎರಡು ದಿನ ಗದರಿಸಿದೆ. ಮೂರನೆಯ ದಿನ ಎಲ್ಲರ ಮುಂದೆ ನಿಲ್ಲಿಸಿದೆ. ನಾಲ್ಕನೆಯ ದಿನ, ಅಲ್ಲಾಹನು ನನ್ನನ್ನು ಕ್ಷಮಿಸಲಿ, ಕೇಳಬೇಕಾದ್ದನ್ನು ಕೇಳಿದೆ.

"ರಾತ್ರಿ ಎಷ್ಟೊತ್ತಿಗೆ ಮಲಗಿದ್ಯೋ?"

"ಹನ್ನೆರಡಾಗಿತ್ರಿ ಹಜರತ್. ಕಂಡಿಕಿ ಸುತ್ತಾಕ ಕುಂತಿದ್ನಿರಿ."

"ಮುಂಜಾನೆ ಏನ್ ತಿಂದಿ?"

"ಚಾ ಕುಡದೇನ್ರಿ."

ರಬಕವಿ-ಬನಹಟ್ಟಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಸದ್ದು ನಿಂತರೆ ನಮಗೆ ಗಾಬರಿಯಾಗುತ್ತದೆ, ನಡೆದರೆ ನಿದ್ದೆ ಬರುತ್ತದೆ. ಆ ಹುಡುಗನ ದಿನದ ಲೆಕ್ಕ ಹಾಕಿದೆ. ಏಳರಿಂದ ಎಂಟೂವರೆಯವರೆಗೆ ನನ್ನ ಹತ್ತಿರ, ಹತ್ತರಿಂದ ನಾಲ್ಕೂವರೆಯವರೆಗೆ ಶಾಲೆಯಲ್ಲಿ, ನಂತರ ಮಗ್ಗದ ಹತ್ತಿರ. ಅವನಿಗೆ ಊಟ, ಆಟ, ನಿದ್ದೆಗೆಂದು ನಾವು ಬಿಟ್ಟ ಹೊತ್ತು ಎಲ್ಲಿದೆ? ಅವನ ಅಪ್ಪ ಕೆಟ್ಟವನಲ್ಲ, ನೂಲಿನ ದರ ಏರಿ ಸೀರೆಯ ದರ ಇಳಿದಾಗ ಆಳು ಇಟ್ಟುಕೊಳ್ಳಲಾರದವನು. ಆದರೆ ಮಗುವಿನ ನಿದ್ದೆಯಲ್ಲಿ ಆಳಿನ ಕೂಲಿ ಉಳಿಸುವುದು ಲಾಭವಲ್ಲ. 14 ವರ್ಷದೊಳಗಿನ ಮಗು ಶಾಲೆಯ ಹೊತ್ತು ಮುಗಿದ ಮೇಲೆ ಮನೆಯ ಕೆಲಸಕ್ಕೆ ಕೈಜೋಡಿಸಲು ಕಾನೂನು ಅವಕಾಶ ಕೊಟ್ಟಿದೆ, ನಿಜ. ಆದರೆ ಓದಿಗೆ ಅಡ್ಡಿಯಾಗಬಾರದೆಂಬ ಮಾತು ಅದೇ ಕಾನೂನಿನಲ್ಲಿದೆ. ಮಧ್ಯರಾತ್ರಿಯ ಕಂಡಿಕೆಗೆ ಆ ನೆಪ ಹೊಂದುವುದಿಲ್ಲ.

ಸಲ್ಮಾನ್ ಫಾರಿಸಿ(ರ)ಯವರ ಘಟನೆ ನಿಮಗೆ ಗೊತ್ತು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟಿದ್ದ ಅಬೂದರ್ದಾ(ರ)ರನ್ನು ಅವರು ತಡೆದು ಊಟ ಮಾಡಿಸಿದರು, ಮಲಗಿಸಿದರು. ಅಲ್ಲಾಹನಿಗೆ ಹಕ್ಕಿರುವಂತೆ ನಿಮ್ಮ ದೇಹಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ತಿಳಿಹೇಳಿದರು. ವಿಷಯ ಪ್ರವಾದಿ(ಸ)ರ ಬಳಿಗೆ ಹೋದಾಗ ಸಲ್ಮಾನ್ ಹೇಳಿದ್ದು ಸರಿ ಎಂದರು. ಆರಾಧನೆಗಾಗಿ ನಿದ್ದೆಗೆಡುವ ದೊಡ್ಡವರಿಗೇ ಈ ತಿದ್ದುಪಡಿ. ಇನ್ನು ಹನ್ನೆರಡು ವರ್ಷದ ಹುಡುಗ ಮಗ್ಗಕ್ಕಾಗಿ ಅಥವಾ ಮೊಬೈಲಿಗಾಗಿ ನಿದ್ದೆಗೆಟ್ಟರೆ? ಇಶಾ ಬಳಿಕ ಹರಟುತ್ತ ಕೂರುವುದನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಹರಟೆ ಈಗ ಹಾಸಿಗೆಯೊಳಗೇ, ಹೊದಿಕೆಯ ಕೆಳಗೇ ನಡೆಯುತ್ತಿದೆ.

ಹಾಗಾಗಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಮಕ್ತಬ್ ಸಮಯವನ್ನು ಮಗ್ರಿಬ್‌ನಿಂದ ಇಶಾವರೆಗೆ ಬದಲಿಸಿದೆವು. ಫಜ್ರ್ ಜಮಾಅತ್‌ಗೆ ಬರಲಿ, ಮುಗಿಸಿ ಮನೆಗೆ ಹೋಗಿ ರೊಟ್ಟಿ ತಿಂದು ಶಾಲೆಗೆ ಹೋಗಲಿ. ಅಸರ್‌ನಿಂದ ಮಗ್ರಿಬ್‌ವರೆಗೆ ಆಡಲಿ. ಮುಂಜಾನೆಯ ಬರಕತ್ ಹೋಯಿತೆಂದು ಕೆಲವು ಹಿರಿಯರಿಗೆ ಬೇಸರವಾಯಿತು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ತೂಕಡಿಸುವ ಮಗುವಿನ ಬಾಯಿಂದ ಸೂರಾ ಹೇಳಿಸಿದರೆ ಬರಕತ್ ಬರುತ್ತದೆಂದು ನನಗೆ ಅನಿಸುವುದಿಲ್ಲ.

ಆ ವಯಸ್ಸಿನ ಮಕ್ಕಳೊಂದಿಗೆ ಹೇಗಿರಬೇಕೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅನಸ್(ರ)ರನ್ನು ತಾಯಿ ಉಮ್ಮು ಸುಲೈಮ್(ರ) ಪ್ರವಾದಿ(ಸ)ರ ಸೇವೆಗೆ ತಂದು ಬಿಟ್ಟಾಗ ಅವರಿಗೆ ಸುಮಾರು ಹತ್ತು ವರ್ಷ, ಅಂದರೆ ನಮ್ಮ ಐದನೆಯ ತರಗತಿಯ ಹುಡುಗ. ಹತ್ತು ವರ್ಷ ಆ ಮನೆಯಲ್ಲಿದ್ದರು. ಇಷ್ಟು ಕಾಲದಲ್ಲಿ ಒಮ್ಮೆಯೂ ಬೇಸರದ ಒಂದು ಶಬ್ದ ಕೇಳಲಿಲ್ಲ, ಇದನ್ನು ಯಾಕೆ ಮಾಡಿದೆ, ಅದನ್ನು ಯಾಕೆ ಮಾಡಲಿಲ್ಲ ಎಂಬ ಜೋರು ಕೇಳಲಿಲ್ಲ ಎಂದು ಮುಂದೆ ಅವರೇ ತಿಳಿಸಿದ್ದಾರೆ. ಒಮ್ಮೆ ಕೆಲಸಕ್ಕೆಂದು ಕಳಿಸಿದರೆ ದಾರಿಯಲ್ಲಿ ಹುಡುಗರ ಆಟ ನೋಡುತ್ತ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತು ಹಿಡಿದರು. ತಿರುಗಿದರೆ ಪ್ರವಾದಿ(ಸ)ರು, ನಗುತ್ತಿದ್ದಾರೆ! ಹೇಳಿದ ಕಡೆ ಹೋದೆಯಾ ಎಂದಷ್ಟೇ ವಿಚಾರಿಸಿದರು. ನಮ್ಮಲ್ಲಿ ಎಷ್ಟು ಅಪ್ಪಂದಿರು ಹೀಗೆ ಕತ್ತು ಹಿಡಿದಾರು? ನಾನು ಹಿಡಿಯಲಿಲ್ಲ, ಎಲ್ಲರ ಮುಂದೆ ನಿಲ್ಲಿಸಿದೆ.

ಇನ್ನು ಊಟದ ಮಾತು. ಶಾಲೆಯ ಬಿಸಿಯೂಟ ತಿನ್ನಬೇಡ, ನಾವೇನು ಗತಿಯಿಲ್ಲದವರಾ ಎಂದು ಮಕ್ಕಳಿಗೆ ಹೇಳುವ ಮನೆಗಳಿವೆ. ಅದು ಭಿಕ್ಷೆಯಲ್ಲ, ಮಗುವಿನ ಹಕ್ಕು. 2013ರಿಂದ ಹಾಲು ಕೊಡುತ್ತಿದ್ದಾರೆ. 2024ರಲ್ಲಿ ಹತ್ತನೆಯ ತರಗತಿಯವರೆಗೂ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಂದು ಗೊತ್ತು ಮಾಡಿದರು. ಆರನೆಯ ತರಗತಿಯಿಂದ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆ ಇದೆ, ವರ್ಷಕ್ಕೆ ಎರಡು ಸಲ ಜಂತುಹುಳದ ಗುಳಿಗೆ ಇದೆ. ವಾಟ್ಸಾಪಿನಲ್ಲಿ ಬಂದ ಮಾತು ನಂಬಿ ಹೆಣ್ಣುಮಕ್ಕಳಿಗೆ ಆ ಗುಳಿಗೆ ನುಂಗಬೇಡ ಎನ್ನುತ್ತೀರಿ. ಆಮೇಲೆ ಹುಡುಗಿಗೆ ತಲೆಸುತ್ತು, ಪಾಠ ತಲೆಗೆ ಹತ್ತುವುದಿಲ್ಲ ಎಂದು ದಮ್ ಮಾಡಿಸಲು ನನ್ನ ಹತ್ತಿರವೇ ಕರೆತರುತ್ತೀರಿ. ನಾನು ಓದಿ ಊದುತ್ತೇನೆ, ದುಆ ಮಾಡುತ್ತೇನೆ. ಗುಳಿಗೆಯನ್ನೂ ಊಟವಾದ ಮೇಲೆ ನುಂಗಲಿ.

ಈಗ ಎಲ್ಲಕ್ಕಿಂತ ಭಾರವಾದ ಮಾತು. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಎಂಟಕ್ಕೆ ಕನ್ನಡ ಹೈಸ್ಕೂಲು. ಜಮಖಂಡಿಯಿರಲಿ, ಮುಧೋಳವಿರಲಿ, ಕಥೆ ಒಂದೇ. ಅಲ್ಲಿ ವಿಜ್ಞಾನ, ಸಮಾಜ, ಗಣಿತ ಎಲ್ಲ ಕನ್ನಡದಲ್ಲಿ. ಓಣಿಯಲ್ಲಿ ಕನ್ನಡವನ್ನು ಅರಳು ಹುರಿದಂತೆ ಮಾತಾಡುವ ಹುಡುಗ ಪುಸ್ತಕದ ಒಂದು ಪುಟ ಓದಲು ತಡವರಿಸುತ್ತಾನೆ. ಉಳಿದವರು ನಗುತ್ತಾರೆ. ಅವನು ಹಿಂದಿನ ಬೆಂಚಿಗೆ ಸರಿಯುತ್ತಾನೆ, ಅಲ್ಲಿಂದ ಬಾಗಿಲಿಗೆ ದೂರವಿಲ್ಲ. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರಿನ ಮೇಲೆ ಕಾಣುತ್ತಾನೆ. ಇದು ನಾನು ಕೇಳಿದ ಕಥೆಯಲ್ಲ. ಎಂಟನೆಯ ತರಗತಿಯಲ್ಲಿ ಆ ಬೆಂಚಿನ ಮೇಲೆ ನಾನೂ ಕೂತಿದ್ದೆ.

ಉರ್ದು ಶಾಲೆ ಬಿಡಿಸಿ ಎಂದು ನಾನು ಹೇಳುತ್ತಿಲ್ಲ, ಹೇಳುವುದೂ ಇಲ್ಲ. ಆರನೆಯ ತರಗತಿಯಿಂದಲೇ ಕನ್ನಡ ಓದುವುದನ್ನು ಗಟ್ಟಿ ಮಾಡಿಸಿ ಎನ್ನುತ್ತಿದ್ದೇನೆ. ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಝೈದ್ ಬಿನ್ ಸಾಬಿತ್(ರ)ರಿಗೆ ಹನ್ನೊಂದು ವರ್ಷ. ಮುಂದೆ ಯಹೂದಿಗಳ ಜೊತೆಗಿನ ಪತ್ರವ್ಯವಹಾರಕ್ಕಾಗಿ ಅವರ ಲಿಪಿ ಕಲಿಯಲು ಪ್ರವಾದಿ(ಸ)ರು ಸೂಚಿಸಿದಾಗ ಅರ್ಧ ತಿಂಗಳಲ್ಲಿ ಕಲಿತರು. ಕುರ್‌ಆನನ್ನು ಒಟ್ಟುಗೂಡಿಸುವ ಹೊಣೆ ನಂತರ ಬಂದದ್ದು ಇದೇ ಝೈದರಿಗೆ. ಕನ್ನಡ ಕಲಿತರೆ ದೀನ್ ದೂರವಾಗುತ್ತದೆ ಎನ್ನುವವರು ಇದನ್ನು ಯೋಚಿಸಲಿ.

ಶಾಲೆಗೆ ನಾವು ಕಾಲಿಡುವುದೂ ಕಡಿಮೆಯಾಗಿದೆ. ಮೊದಲು ಸ್ಕಾಲರ್‌ಶಿಪ್ ಅರ್ಜಿಗಾದರೂ ಹೋಗುತ್ತಿದ್ದೆವು. 2022ರಲ್ಲಿ ಕೇಂದ್ರದವರು ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ ನಿಲ್ಲಿಸಿದ ಮೇಲೆ ಅದೂ ಇಲ್ಲ. ಎಸ್‌ಡಿಎಂಸಿ ಸಭೆಯ ದಿನ ಮಗ್ಗ ಎರಡು ತಾಸು ನಿಲ್ಲಲಿ. ಬೀಳಗಿ ಕಡೆಯ ಪುನರ್ವಸತಿ ಕೇಂದ್ರಗಳಲ್ಲಿ ಹೈಸ್ಕೂಲು ದೂರ ಎಂದು ಹೆಣ್ಣುಮಕ್ಕಳನ್ನು ಏಳಕ್ಕೇ ನಿಲ್ಲಿಸುತ್ತಾರೆ. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಅಂಜಿಕೆಯಿದ್ದರೆ ಒಂದೇ ಓಣಿಯ ನಾಲ್ಕು ಹುಡುಗಿಯರನ್ನು ಜೊತೆಯಾಗಿ ಕಳಿಸಿ. ಬಸ್ಸು ಹೊತ್ತಿಗೆ ಬಾರದಿದ್ದರೆ ಜಮಾಅತ್ ಕಮಿಟಿ ಡಿಪೋಕ್ಕೆ ಅರ್ಜಿ ಕೊಡಲಿ, ಬರೆದುಕೊಡಲು ನಾನಿದ್ದೇನೆ.

ಬರುವ ಶನಿವಾರದಿಂದ, ಶನಿವಾರ ಮತ್ತು ರವಿವಾರ ಅಸರ್ ಬಳಿಕ ಮುಕ್ಕಾಲು ತಾಸು ಮಸೀದಿಯ ಅಂಗಳದಲ್ಲಿ ಕನ್ನಡ ಓದಿಸುತ್ತೇವೆ. ಮೊಹಲ್ಲಾದ ಒಬ್ಬ ನಿವೃತ್ತ ಮಾಸ್ತರರು ಒಪ್ಪಿದ್ದಾರೆ. ಹೆಣ್ಣುಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಡಿ.ಎಡ್. ಮಾಡಿದ ನಮ್ಮ ಸೊಸೆಯೊಬ್ಬಳು ಹೇಳಿಕೊಡುತ್ತಾಳೆ. ಮಕ್ಕಳು ಶಾಲೆಯ ಪುಸ್ತಕವನ್ನೇ ತರಲಿ. ರೆಹಲ್ ಮೇಲೆ ಮಲಗುತ್ತಿದ್ದ ಆ ಹುಡುಗನ ಹೆಸರನ್ನು ಮೊದಲನೆಯದಾಗಿ ಬರೆದುಕೊಂಡಿದ್ದೇನೆ. ಅವನ ಅಪ್ಪ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ಕಂಡಿಕೆ ಕೆಲಸವನ್ನು ಒಂಬತ್ತಕ್ಕೆ ನಿಲ್ಲಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ನಮಾಝ್ ಮುಗಿದ ಮೇಲೆ ಉಳಿದವರೂ ಹೆಸರು ಬರೆಸಿ ಹೋಗಿ.